ಕೊಣನೂರಿನ ಕೆಂಪು ಗೆರೆ

ಮಧ್ಯಾಹ್ನದ ಊಟವಾಗಿ, ಪಾತ್ರೆ ತೊಳೆದು, ಹಾಸನದ ನಮ್ಮ ಮನೆಯ ನಡುಮನೆಯಲ್ಲಿ ಚಾಪೆ ಹಾಸಿಕೊಂಡು ಉರುಳಿದರೆ ನನಗೆ ನಿದ್ದೆಯೂ ಅಲ್ಲದ, ಎಚ್ಚರವೂ ಅಲ್ಲದ ಒಂದು ಮಂಪರು ಹತ್ತುತ್ತದೆ. ಕಿಟಕಿಯ ಪರದೆ ಉಬ್ಬಿ ಇಳಿಯುತ್ತಿರುತ್ತದೆ. ಸೊಪ್ಪಿನವಳ ಕೂಗು ಬೀದಿಯ ಆ ತುದಿಯಿಂದ ಬಂದು ಈ ತುದಿಯಲ್ಲಿ ಕರಗುತ್ತದೆ. ಆ ಹೊತ್ತಿಗೆ ನಾನು ಟೀವಿ ಹಾಕುತ್ತಿದ್ದೆ. ನೋಡುವುದಕ್ಕಲ್ಲ. ಅರಕಲಗೂಡು ದಾಟಿ ಕೊಣನೂರಿನಲ್ಲಿರುವ ನನ್ನ ತಂಗಿ ಏನು ನೋಡುತ್ತಿದ್ದಾಳೆ ಎಂದು ತಿಳಿಯುವುದಕ್ಕೆ.

ನಮ್ಮಿಬ್ಬರಿಗೂ ಮಾತು ಬಿಟ್ಟು ಎರಡು ವರ್ಷವಾಗಿತ್ತು. ತಪ್ಪು ನನ್ನದೇ, ಈಗ ಒಪ್ಪಿಕೊಳ್ಳುತ್ತೇನೆ. ಆಗ ಒಪ್ಪುವ ಹೆಂಗಸಲ್ಲ ನಾನು. ಈ ಮನೆಯ ಗೃಹಪ್ರವೇಶಕ್ಕೆ ಬಾಗೂರು, ನುಗ್ಗೇಹಳ್ಳಿ, ಹೊಳೆನರಸೀಪುರ ಅಂತ ಊರೂರು ಸುತ್ತಿದ್ದೆವು. ಎಷ್ಟೋ ದೂರದ ನೆಂಟರ ಬಾಗಿಲಿಗೂ ಹೋಗಿ ಕುಂಕುಮ ಕೊಟ್ಟು ಕರೆದೆವು. ಒಡಹುಟ್ಟಿದವಳಲ್ಲವೇ, ಮನೆಯವಳೇ ತಾನೇ ಎಂದುಕೊಂಡು ಅವಳಿಗೆ ಮಾತ್ರ ಮೊಬೈಲಿನಲ್ಲಿ ಕಾರ್ಡು ಕಳಿಸಿಬಿಟ್ಟೆ. ನಮ್ಮ ಕಡೆ ಕುಂಕುಮ ಕೊಟ್ಟು ಕರೆಯದ ಶುಭಕಾರ್ಯಕ್ಕೆ ಯಾರಾದರೂ ಕಾಲಿಡುತ್ತಾರೆಯೇ? ಅವಳು ಬರಲಿಲ್ಲ. ಮಾರನೆಯ ದಿನ ನಾನೇ ಫೋನು ಮಾಡಿ ರೇಗಿದೆ.

“ಫೋನ್‌ನಾಗೆ ಕರ್ದೋರು ಫೋನ್‌ನಾಗೇ ಊಟ ಬಡುಸ್ಬೇಕಾಗಿತ್ತು,” ಎಂದು ಇಟ್ಟುಬಿಟ್ಟಳು.

ಆದರೆ ನಾವು ದುಡ್ಡು ಕಟ್ಟುವ ಸಿನಿಮಾ-ಧಾರಾವಾಹಿಗಳ ಆ್ಯಪ್ ಅವಳ ಟೀವಿಯಲ್ಲೂ ಇತ್ತು. ಜಗಳಕ್ಕೆ ಮುಂಚೆ ನಾನೇ ಹೋದಾಗ ಹಾಕಿಕೊಟ್ಟದ್ದು. ಅದನ್ನು ಅವಳೂ ತೆಗೆಯಲಿಲ್ಲ, ನಾನೂ ತೆಗೆಯಲಿಲ್ಲ. ಅವಳು ನೋಡಿದ್ದೆಲ್ಲ ನನ್ನ ಟೀವಿಯಲ್ಲೂ ಸಾಲಾಗಿ ಬರುತ್ತಿತ್ತು. ಎಲ್ಲಿಯವರೆಗೆ ನೋಡಿದ್ದಾಳೆ ಎನ್ನುವುದಕ್ಕೆ ಕೆಳಗೊಂದು ಕೆಂಪು ಗೆರೆ. ಧಾರಾವಾಹಿ ಕಾಲುಭಾಗಕ್ಕೇ ನಿಂತಿದ್ದರೆ, ಕರೆಂಟು ಹೋಯಿತೋ, ಕೊಟ್ಟಿಗೆಯಲ್ಲಿ ಹಸು ಕೂಗಿತೋ ಎಂದು ಮಲಗಿದಲ್ಲೇ ಯೋಚಿಸುತ್ತಿದ್ದೆ. ಹಳೆಯ ನಗೆ ಸಿನಿಮಾ ಪೂರ್ತಿ ನೋಡಿದ್ದರೆ ಇವತ್ತು ಇವಳಿಗೆ ಏನೋ ಬೇಜಾರು ಎಂದುಕೊಳ್ಳುತ್ತಿದ್ದೆ. ಒಂದು ಸಲ ವಾರವಿಡೀ ಗೆರೆ ಅಲ್ಲಾಡಲೇ ಇಲ್ಲ. ನನಗೆ ಅನ್ನ ಸೇರಲಿಲ್ಲ. ಎಂಟನೆಯ ದಿನ ಅದು ಒಂದಿಷ್ಟು ಮುಂದೆ ಸರಿದಾಗ, ದೇವರಾಣೆ, ಟೀವಿಯನ್ನೇ ಮುಟ್ಟಿ ಕಣ್ಣಿಗೆ ಒತ್ತಿಕೊಂಡೆ.

ಈ ವರ್ಷ ನಮ್ಮ ಯಜಮಾನರು ಹಟ ಹಿಡಿದರು. ಮತ್ತೆ ದುಡ್ಡು ಕಟ್ಟಬೇಕಾದವು ಮೂರಿದ್ದವು: ಅವರು ಫೋನಿನಲ್ಲಿ ಓದುವ ಕನ್ನಡ ಪತ್ರಿಕೆ, ಯಾವ ಉತ್ಸಾಹದಲ್ಲೋ ಸೇರಿ ಯಾರೂ ತೆರೆಯದ ಇಂಗ್ಲಿಷ್ ಪತ್ರಿಕೆ, ಆಮೇಲೆ ಈ ಆ್ಯಪ್.

“ಇಂಗ್ಲಿಷಿಂದು ತೆಗ್ದಾಕನ. ನಿನ್ ಆ್ಯಪೂ ತೆಗ್ದಾಕನ. ಟೀವಿ ಹಾಕ್ಕೊಂಡು ಗೊರಕೆ ಹೊಡೀತೀಯ, ಅಷ್ಟೇಯ,” ಅಂದರು.

“ನಿಮ್ ಪೇಪರು?”

“ಅದಿಲ್ದೆ ಕಾಫಿ ಇಳೀತದೇನೆ? ನಮ್ ಜಿಲ್ಲೆ ಸುದ್ದಿ ಬೇಡ್ವಾ?”

“ನಂಗೂ ಸುದ್ದಿ ಬೇಕು ಕಣ್ರೀ,” ಅಂದೆ. ಯಾವ ಸುದ್ದಿ ಎಂದು ಹೇಳಲಿಲ್ಲ. ಹೇಳಿದರೆ ನಕ್ಕುಬಿಡುತ್ತಾರೆಂದು ನಾಚಿಕೆ.

ಅವರ ಬಾಯಿ ಮುಚ್ಚಿಸಲು ಅದೇ ಆ್ಯಪಿನಲ್ಲಿ ಕಡಿಮೆ ದರದ ಪ್ಲಾನೊಂದನ್ನು ಹುಡುಕಿದೆ. ಒಂದೇ ಟೀವಿಗೆ ಎಂದು ಬರೆದಿತ್ತು. ನಮ್ಮ ಮನೆಯಲ್ಲಿರುವುದೂ ಒಂದೇ ಅಲ್ಲವೇ ಎಂದು ಮಹಾ ಜಾಣೆಯ ಹಾಗೆ ಒತ್ತಿಬಿಟ್ಟೆ.

ಮಾರನೆಯ ಮಧ್ಯಾಹ್ನ ಗೆರೆ ಸರಿದಿರಲಿಲ್ಲ. ಮೂರು ಗಂಟೆಯ ಮಂಪರಿನಲ್ಲಿ ಫೋನು ಟಿಣ್ ಎಂದಿತು. ನಾಲ್ಕು ಅಂಕಿಯ ಒಟಿಪಿ. ಯಾರಿಗೂ ಹೇಳಬೇಡಿ ಎಂದು ಬೇರೆ ಬರೆದಿತ್ತು. ಯಾವನೋ ಕಳ್ಳ ಎಂದು ಬೈದು ಮಗ್ಗುಲು ಬದಲಿಸಿದೆ. ಮರುದಿನ ಅದೇ ಹೊತ್ತಿಗೆ ಇನ್ನೊಂದು ಬಂತು. ಆಗ ಹೊಳೆದು ಧಡಕ್ಕನೆ ಎದ್ದು ಕೂತೆ. ಅಯ್ಯೋ ನನ್ನ ಬುದ್ಧಿಗಿಷ್ಟು! ನಾನು ಒಂದೇ ಟೀವಿಯದನ್ನು ಒತ್ತಿದ್ದಕ್ಕೆ ಆ ಆ್ಯಪ್ ಅವಳನ್ನು ಹೊರಗೆ ಹಾಕಿತ್ತು. ಅವಳು ನನ್ನ ನಂಬರು ಒತ್ತಿ, ಒಟಿಪಿ ಬರುವುದು ನನ್ನ ಫೋನಿಗೇ ಎಂದು ಗೊತ್ತಿದ್ದೂ, ಕೇಳದೆ ಸುಮ್ಮನೆ ಕೂತಿದ್ದಾಳೆ. ಅಕ್ಕ ಇದನ್ನೂ ಕಿತ್ತುಕೊಂಡಳು ಎಂದುಕೊಂಡಿರಬೇಕು. ಇದೂ ಹೋದರೆ ನಮ್ಮಿಬ್ಬರ ನಡುವೆ ಏನೂ ಉಳಿಯುವುದಿಲ್ಲ ಎಂದು ನನಗೆ ಭಯವಾಯಿತು. ಆದರೂ ಫೋನು ಮಾಡಲಿಲ್ಲ. ಕೈಯಲ್ಲಿ ಹಿಡಿದುಕೊಂಡೇ ಕೂತೆ. ಅಂಕಿಯ ಅವಧಿ ಮುಗಿದುಹೋಯಿತು. ಪೊಗರು, ಇನ್ನೇನು.

ಮೂರನೆಯ ದಿನ ಊಟವಾದ ಮೇಲೆ ಮಲಗಲಿಲ್ಲ. ಗೋಡೆಗೊರಗಿ, ಪರದೆ ಉಬ್ಬಿ ಇಳಿಯುವುದನ್ನು ನೋಡುತ್ತ ಕಾದೆ. ಟಿಣ್ ಎಂದ ಕೂಡಲೇ ಅವಳಿಗೆ ಫೋನು ಮಾಡಿದೆ. ಒಂದೇ ರಿಂಗಿಗೆ ಎತ್ತಿದಳು. ಅವಳ ಮನೆಯ ಫ್ಯಾನು ಕಿರುಗುಡುತ್ತಿತ್ತು, ಹಿತ್ತಲಲ್ಲಿ ಕೋಳಿಯೊಂದು ಕೊಕ್ಕೊಕ್ಕೊ ಎನ್ನುತ್ತಿತ್ತು. ಅವಳ ಪಕ್ಕದಲ್ಲೇ ಕೂತಿದ್ದೇನೆ ಎನಿಸಿ ಸ್ವಲ್ಪ ಹೊತ್ತು ಹಾಗೇ ಕೇಳಿಸಿಕೊಂಡೆ.

“ನಾ ಬೇಕಂತ ತೆಗ್ಸಿದ್ದಲ್ಲ ಕಣೆ,” ಅಂದೆ.

“ಊಂ.”

“ಅವತ್ತು ಕರಿಯಕ್ಕೆ ನಿನ್ ಬಾಗ್ಲಿಗೆ ನಾನೇ ಬರ್ಬೇಕಾಗಿತ್ತು. ತಪ್ಪಾಯ್ತು ಕಣೆ.”

“ಅದೆಲ್ಲ ಯಾಕೀಗ. ನಂಬರ್ ಹೇಳು.”

ಒಂದೊಂದೇ ಅಂಕಿ ಹೇಳಿದೆ. ಅವಳು ಬಾಯಲ್ಲಿ ಅಂದುಕೊಳ್ಳುತ್ತಲೇ ರಿಮೋಟು ಒತ್ತಿದಳು. ಅತ್ತ ಧಾರಾವಾಹಿಯ ಹಾಡು ಶುರುವಾಯಿತು. ಕೆಲಸವಾಯಿತಲ್ಲ, ಇನ್ನು ಇಟ್ಟುಬಿಡುತ್ತಾಳೆ ಎಂದುಕೊಂಡೆ. ಇಡಲಿಲ್ಲ. ಹಾಡಿನ ಸದ್ದು ತಗ್ಗಿತು.

“ಅಕ್ಕಾ, ಇನ್ನೊಂದ್ಸಲ ಹೇಳು.”

“ಯಾಕೆ, ನಂಬರ್ ತಗೊಂತಲ್ಲ?”

“ನಂಬರಲ್ಲ ಕಣಕ್ಕ,” ಅಂದಳು. “ಅದ್ಕೂ ಮುಂಚೆ ಅಂದ್ಯಲ್ಲ, ಅದು.”