ಟೇಪು ಹೇಳಿದ್ದನ್ನು ನಾನು ಹೇಳಲಿಲ್ಲ

ನಿಮ್ಮ ಬೆನ್ನಿನ ಗಂಟು ಬೆಳೆದಿದ್ದು ನನಗೆ ಗೊತ್ತಿತ್ತು, ಮೇಷ್ಟ್ರೇ — ಗೊತ್ತಿದ್ದೂ ಇಲ್ಲವೆಂದೆ. ಇಪ್ಪತ್ತು ವರ್ಷ ನುಂಗಿಕೊಂಡಿದ್ದ ಮಾತು ಇದು.

ಅರವತ್ತರ ದಶಕ. ನೀವು ಆನಂದಪುರದಲ್ಲಿ ಶಾಲೆಯ ಮೇಷ್ಟ್ರು, ನಾನು ಸಾಗರದ ಪೇಟೆಯಲ್ಲಿ ಒಂದೇ ಮಿಷನ್ನಿನ ದರ್ಜಿ. ನಿಮ್ಮ ಎಡಭುಜದ ಹಿಂದೆ, ಚರ್ಮದಡಿಯಲ್ಲಿ, ನೆಲ್ಲಿಕಾಯಿಯಷ್ಟು ಗಂಟು. ಒತ್ತಿದರೆ ಮೆತ್ತಗೆ ಜಾರುತ್ತಿತ್ತು, ನೋವಿರಲಿಲ್ಲ. ಡಾಕ್ಟರು ನೋಡಿ, ಕೊಬ್ಬಿನ ಗಂಟು, ಇದ್ದರೆ ಇರಲಿ, ಬೆಳೆದರೆ, ಗಟ್ಟಿಯಾದರೆ, ನೋವು ಬಂದರೆ ಮಾತ್ರ ತಡಮಾಡದೆ ಬನ್ನಿ ಎಂದಿದ್ದರಂತೆ. ಆದರೆ ತನ್ನ ಬೆನ್ನು ತನಗೆ ಕಾಣುತ್ತದೆಯೇ? ಮನೆಯವರು ತೀರಿಕೊಂಡಿದ್ದರು, ಮಗಳನ್ನು ಕೇಳಲು ನಿಮಗೆ ಸಂಕೋಚ. ಹಾಗಾಗಿ ಪ್ರತಿ ಬೇಸಿಗೆ ರಜೆಯಲ್ಲಿ ಅಂಗಿಯ ಅಳತೆಗೆ ನಿಂತಾಗ ನನ್ನನ್ನೇ ಕೇಳುತ್ತಿದ್ದಿರಿ.

"ಹ್ಯಾಂಗಿದಾನೆ ಮಾರಾಯ ನಮ್ಮ ಬಾಡಿಗೆದಾರ? ದಪ್ಪ ಆದ್ನಾ?"

"ಹಂಗೇ ಇದಾನೆ ಮೇಷ್ಟ್ರೇ."

ಐದು ವರ್ಷ ಅದು ನಿಜವೇ ಆಗಿತ್ತು. ಓದಿದವರು ನನ್ನ ಹೆಬ್ಬೆರಳನ್ನು ನಂಬುತ್ತಾರಲ್ಲ ಎಂದು ಒಳಗೊಳಗೇ ಹೆಮ್ಮೆ.

ಮಗಳ ಮದುವೆಗೆಂದು ನೀವು ಕೋಟಿನ ಬಟ್ಟೆ ತಂದುಕೊಟ್ಟ ವರ್ಷ — ಅಳತೆಗೆ ನಾಳೆ ಬರುತ್ತೇನೆಂದು ಹೋದಿರಿ. ಮದುವೆಯ ಕಾಲ, ಕೈತುಂಬ ಕೆಲಸ. ಮೇಷ್ಟ್ರ ಮೈ ನನಗೆ ಬಾಯಿಪಾಠ ಎಂಬ ಜಂಬ ಬೇರೆ. ಹಿಂದಿನ ವರ್ಷದ ಅಳತೆ ನೋಡಿ ಕತ್ತರಿಸಿಬಿಟ್ಟೆ. ಮರುದಿನ ನೀವು ಬಂದು ಬೆನ್ನು ಕೊಟ್ಟು ನಿಂತಿರಿ. ಟೇಪು ಮುಕ್ಕಾಲು ಇಂಚು ಹೆಚ್ಚು ತೋರಿಸಿತು. ಬೆರಳಿಟ್ಟೆ — ನಿಂಬೆಕಾಯಿಯಷ್ಟು, ಗಟ್ಟಿ, ಜಾರಲೂ ಇಲ್ಲ.

ಬೆಳೆದಿದೆ ಎಂದರೆ, ಹಾಗಾದರೆ ಕೋಟು ಸ್ವಲ್ಪ ಅಗಲ ಇಡು ಎನ್ನುತ್ತಿದ್ದಿರಿ. ಅಗಲ ಇಡಲು ಬಟ್ಟೆ ಎಲ್ಲಿತ್ತು? ಅಳತೆ ತೆಗೆಯದೆ ಕತ್ತರಿ ಹಾಕಿದ ದರ್ಜಿ ಎನಿಸಿಕೊಳ್ಳಲು ನನಗೆ ಮನಸ್ಸಿರಲಿಲ್ಲ — ಅಷ್ಟೇ, ಇನ್ನೇನೂ ಅಲ್ಲ.

"ಹಂಗೇ ಇದಾನೆ" ಎಂದೆ. ಅಳತೆ ಪುಸ್ತಕದಲ್ಲೂ ಹಳೆಯ ಅಂಕಿಯನ್ನೇ ಬರೆದೆ. ಹೊಲಿಗೆಯಂಚಿಗೆ ಬಿಟ್ಟಿದ್ದ ಬಟ್ಟೆಯನ್ನೆಲ್ಲ ಎಳೆದು ಹೇಗೋ ಹೊಂದಿಸಿದೆ. ಮದುವೆಯಲ್ಲಿ ಕೋಟನ್ನು ಎಲ್ಲರೂ ಹೊಗಳಿದರಂತೆ.

ನಾಲ್ಕು ತಿಂಗಳಾದ ಮೇಲೆ ಬೋರ್ಡಿಗೆ ಕೈ ಎತ್ತಲಾಗದೆ ಆಸ್ಪತ್ರೆಗೆ ಹೋದಿರಿ. ಗಂಟಿನ ಚೂರು ತೆಗೆದು ಪರೀಕ್ಷೆಗೆ ಕಳಿಸಿದರು. ಮಾರನೆಯ ದಿನ ಆ ಕೋಟನ್ನು ತಂದು ನನ್ನ ಮೇಜಿನ ಮೇಲಿಟ್ಟಿರಿ.

"ಇದನ್ನ ಅಳಿಯನ ಅಳತೆಗೆ ಮಾಡ್ಕೊಡು ಮಾರಾಯ. ಬೇಸಿಗೇಲಿ ಹಂಗೇ ಇತ್ತು ಅಂತ ನೀ ಅಂದಿದ್ಯಲ್ಲ, ಡಾಕ್ಟ್ರಿಗೂ ಅದನ್ನೇ ಹೇಳ್ದೆ. ನಾಲ್ಕೇ ತಿಂಗ್ಳಿಗೆ ಇಷ್ಟು ಬೆಳೆದ್ರೆ ಒಳ್ಳೇ ಲಕ್ಷಣ ಅಲ್ಲ ಅಂದ್ರು."

ಆಗಲಾದರೂ ಹೇಳಬಹುದಿತ್ತು — ನಾಲ್ಕು ತಿಂಗಳಲ್ಲ ಮೇಷ್ಟ್ರೇ, ಬೇಸಿಗೆಗೇ ಅದು ಬೆಳೆದಿತ್ತು ಎಂದು. ಅಷ್ಟು ಬೇಗ ಬೆಳೆದದ್ದಲ್ಲ ಎಂದು ಗೊತ್ತಾಗಿ ನಿಮ್ಮ ಅರ್ಧ ಭಯ ಅಲ್ಲೇ ಇಳಿಯುತ್ತಿತ್ತು. ನಾನು ತಲೆ ತಗ್ಗಿಸಿ ಅಳಿಯನ ಎದೆಯಳತೆ ಕೇಳಿದೆ.

ಹದಿನೈದು ದಿನ ನೀವು ಸಾಯಲು ತಯಾರಾದಿರಿ. ನಿಮ್ಮ ಪುಸ್ತಕಗಳು ಶಾಲೆಗೆ ಹೋದವು. ಆಮೇಲೆ ವರದಿ ಬಂತು — ಬರೀ ಕೊಬ್ಬು, ಮಾಂಸದೊಳಗೆ ಇಳಿದು ಅಂಟಿಕೊಂಡಿತ್ತು ಅಷ್ಟೇ. ತೆಗೆದರು, ಕೈ ಸರಿಹೋಯಿತು. ಗಾಯ ಮಾಯುತ್ತಲೇ ಅಂಗಡಿಗೆ ಬಂದು, "ಬಾಡಿಗೆದಾರನ್ನ ಬಿಡಿಸ್ದೆ! ಎಲ್ಲೋ ನನ್ನ ಕೋಟು?" ಎಂದು ನಕ್ಕಿರಿ. ಕೋಟು ಆಗಲೇ ಅಳಿಯನ ಮೈಮೇಲಿತ್ತು. ನಾನೂ ನಕ್ಕೆ, ನಾಚಿಕೆಯಿಲ್ಲದೆ.

ಈಗ ನೀವು ತೀರ್ಥಹಳ್ಳಿಯಲ್ಲಿ ಮಗಳ ಮನೆಯಲ್ಲಿ, ಮೊಮ್ಮಕ್ಕಳ ಜೊತೆ ಸುಖವಾಗಿದ್ದೀರಿ. ನಾನೂ ಸುಖವಾಗಿಯೇ ಇದ್ದೇನೆ, ಸುಳ್ಳೇಕೆ ಹೇಳಲಿ. ಯಾರ ಮೈಯಲ್ಲಿ ಗಂಟು ಕೈಗೆ ಸಿಕ್ಕರೂ, "ಟೇಪು ಡಾಕ್ಟ್ರಲ್ಲ, ಮೊದ್ಲು ತೋರಿಸ್ಕೊಂಡು ಬನ್ನಿ" ಎನ್ನುತ್ತೇನೆ. ಜನ ನಗುತ್ತಾರೆ, ಆದರೂ ಹೋಗಿ ಬರುತ್ತಾರೆ. ಅದರಿಂದ ನಿಮ್ಮ ಆ ಹದಿನೈದು ದಿನ ವಾಪಸು ಬರುವುದಿಲ್ಲ.

ಹಳೆಯ ಅಳತೆ ಪುಸ್ತಕ ಹುಡುಕಿ ಸುಳ್ಳು ಅಂಕಿಯನ್ನು ಹೊಡೆದುಹಾಕಿ ನಿಜವಾದದ್ದನ್ನು ಬರೆದಿದ್ದೇನೆ. ಆ ಪುಟವೂ ಈ ಕಾಗದದ ಜೊತೆಗಿದೆ. ಅಂಚೆಗೆ ಹಾಕುವುದಿಲ್ಲ, ನಾಳೆಯ ಬಸ್ಸಿಗೆ ನಾನೇ ತರುತ್ತೇನೆ. ಅಷ್ಟು ವರ್ಷ ನೀವು ನನ್ನನ್ನು ನಂಬಿ ಬೆನ್ನು ಕೊಟ್ಟು ನಿಂತಿರಿ. ನೀವು ಓದಿ ಮುಗಿಸುವವರೆಗೆ ನಾನು ನಿಮ್ಮೆದುರು ನಿಂತಿರುತ್ತೇನೆ.