ಬಾಟಲಿಯ ಬೆನ್ನಿನ ಸಣ್ಣ ಸಾಲು

ವೈನ್ ಕಾರ್ಖಾನೆಯಲ್ಲಿ ಎಲ್ಲರೂ ಅವಳನ್ನು ಚೀಟಿಯಕ್ಕ ಎಂದೇ ಕರೆಯುತ್ತಿದ್ದರು. ಇಪ್ಪತ್ತೆರಡು ವರ್ಷಗಳಿಂದ ಅವಳು ಬಾಟಲಿಗಳಿಗೆ ಚೀಟಿ ಅಂಟಿಸುತ್ತಿದ್ದಳು. ಮೊದಲು ಗೋಂದು, ಬ್ರಷ್ಷು. ಆಮೇಲೆ ಯಂತ್ರ ಬಂತು. ಆದರೂ ಓರೆಯಾಗಿ ಕೂತ ಚೀಟಿಯನ್ನು ಹರಿಯದಂತೆ ಕಿತ್ತು ಮತ್ತೆ ಕೂರಿಸಲು ಅವಳ ಹೆಬ್ಬೆರಳೇ ಬೇಕಾಗಿತ್ತು. ಚಿಕ್ಕಂದಿನಿಂದಲೂ ಉಬ್ಬಸ; ಇನ್‌ಹೇಲರ್ ಇಲ್ಲದೆ ಹೊಸಿಲು ದಾಟುತ್ತಿರಲಿಲ್ಲ. ಇಷ್ಟು ವರ್ಷ ಅಲ್ಲಿ ದುಡಿದರೂ ಒಂದು ಗುಟುಕು ವೈನ್ ರುಚಿ ನೋಡಿರಲಿಲ್ಲ.

"ನಾನು ಬಟ್ಟೆ ತೊಡಿಸೋಳು. ಒಳಗಿನ ಗುಣ ನೋಡೋಕೆ ನೀವಿದ್ದೀರಲ್ಲ" ಎಂದು ನಗುತ್ತಿದ್ದಳು.

ಆ ವರ್ಷ ವೈನ್ ಮೇಸ್ತ್ರಿ ಮಾಡಿದ ಬಿಳಿ ವೈನಿಗೆ ಒಳ್ಳೆಯ ಹೆಸರು ಬಂತು. ಆತ ಖುಷಿಯಿಂದ ಪ್ಯಾಕಿಂಗ್ ಕೋಣೆಯಲ್ಲೇ ಎಲ್ಲರಿಗೂ ಮಧ್ಯಾಹ್ನದ ಊಟ ಹಾಕಿಸಿ, ತಾನೇ ಲೋಟಗಳಿಗೆ ಸುರಿದುಕೊಟ್ಟ. ಬೇಡ ಎನ್ನಲು ಅವಳಿಗೆ ಬಾಯಿ ಬರಲಿಲ್ಲ. ಅರ್ಧ ಲೋಟ ಕುಡಿದು ಹತ್ತು ನಿಮಿಷವೂ ಆಗಿರಲಿಲ್ಲ, ಎದೆ ಬಿಗಿಯಿತು. ಇನ್‌ಹೇಲರ್ ಎರಡು ಸಲ ಎಳೆದರೂ ಉಸಿರು ಸಡಿಲವಾಗಲಿಲ್ಲ. ಕಾರ್ಖಾನೆಯ ವ್ಯಾನ್ ಓಡಿಸುತ್ತಿದ್ದ ಗಂಡ ಅವಳನ್ನು ಎತ್ತಿ ಕೂರಿಸಿಕೊಂಡು ಆಸ್ಪತ್ರೆಗೆ ದೌಡಾಯಿಸಿದ.

ಡಾಕ್ಟರಮ್ಮ ಮುಖಕ್ಕೆ ಮಾಸ್ಕ್ ಹಾಕಿ ಔಷಧಿ ಕೊಟ್ಟ ಮೇಲೆ ಅವಳ ಉಸಿರು ಹತೋಟಿಗೆ ಬಂತು. ಗಂಡ ಮಾತ್ರ ಮಂಚದ ಪಕ್ಕದಲ್ಲೇ ಕುದಿಯುತ್ತಿದ್ದ. "ಕೆಟ್ಟುಹೋಗಿರೋದನ್ನ ಕುಡಿಸಿದಾನೆ. ಬರಲಿ, ಗ್ರಹಚಾರ ಬಿಡಿಸ್ತೀನಿ!"

ಅಷ್ಟರಲ್ಲಿ ಮೇಸ್ತ್ರಿ ಏದುಸಿರು ಬಿಡುತ್ತ ಬಂದ. ಕೈಯಲ್ಲಿ ಅದೇ ಬಾಟಲಿ. "ಏನು ಕುಡಿದ್ರು ಅಂತ ನೀವು ಕೇಳ್ತೀರಿ ಅಂತ ತಂದೆ" ಎಂದು ಡಾಕ್ಟರಮ್ಮನ ಮುಂದೆ ಹಿಡಿದ.

ಆಕೆ ಬಾಟಲಿ ತಿರುಗಿಸಿ, ಕನ್ನಡಕ ಏರಿಸಿ, ಹಿಂದಿನ ಚೀಟಿಯ ಕೊನೆಯ ಸಾಲು ಓದಿದರು: 'ಸಲ್ಫೈಟ್ ಇದೆ.' ಆಮೇಲೆ ಚೀಟಿಯಕ್ಕನತ್ತ ತಿರುಗಿದರು. "ಒಣ ಏಪ್ರಿಕಾಟ್ ತಿಂದಾಗ ಯಾವತ್ತಾದ್ರೂ ಹೀಗಾಗಿತ್ತಾ?"

ಆಗಿತ್ತು. ತಮ್ಮನ ಮನೆಯಲ್ಲಿ, ಎರಡು ಸಲ. ಆಗ ಅವಳು ಆ ಮನೆಯ ಧೂಳನ್ನು ದೂರಿ, ತಮ್ಮನ ಹೆಂಡತಿಯ ಮುಖ ಊದಿಸಿದ್ದಳು.

"ಕೆಡದಿರಲಿ ಅಂತ ಅದರಲ್ಲೂ ಇದನ್ನೇ ಹಾಕಿರ್ತಾರೆ" ಎಂದರು ಡಾಕ್ಟರಮ್ಮ. "ಹೆಚ್ಚಿನೋರಿಗೆ ಏನೂ ಆಗಲ್ಲ. ಉಬ್ಬಸ ಇರೋರಲ್ಲಿ ಕೆಲವರಿಗೆ ಮಾತ್ರ ಹೀಗೆ. ಪರೀಕ್ಷೆ ಮಾಡಿ ಖಚಿತ ಮಾಡ್ಕೊಳ್ಳೋಣ."

ಮೇಸ್ತ್ರಿ ತಲೆತಗ್ಗಿಸಿ ಹೇಳಿದ: "ಅದು ಇಲ್ಲದಿದ್ರೆ ವೈನ್ ಬೇಗ ಕೆಡುತ್ತಮ್ಮ. ನಾವು ಹಾಕದಿದ್ರೂ ದ್ರಾಕ್ಷಿರಸ ಹುದುಗು ಬರುವಾಗ ಚೂರು ತಾನಾಗೇ ಹುಟ್ಟುತ್ತೆ. ಬಿಳಿ ವೈನಿಗೆ ಸಾಮಾನ್ಯವಾಗಿ ಕೆಂಪಿಗಿಂತ ಜಾಸ್ತೀನೇ ಬೇಕು. ನಿಮಗೆ ಉಬ್ಬಸ ಅಂತ ಗೊತ್ತಿದ್ದೂ ನನಗೆ ಹೊಳೀಲಿಲ್ಲ."

ಗಂಡನ ಸಿಟ್ಟು ಜರ್ರನೆ ಇಳಿಯಿತು. ಅದರ ಜಾಗದಲ್ಲಿ ಒಂದು ಆಸೆ ಹುಟ್ಟಿತು. "ಹಾಗಾದ್ರೆ ನನ್ನ ಬೆಳಗಿನ ತಲೆನೋವೂ ಇದರದ್ದೇ ಇರ್ಬೇಕು!"

"ಎಷ್ಟು ಕುಡೀತೀರಿ?"

ಆತ ಸೂರು ನೋಡಿದ.

"ನಿಮ್ಮ ತಲೆನೋವನ್ನ ಸಲ್ಫೈಟಿನ ತಲೆಗೆ ಕಟ್ಟಬೇಡಿ" ಎಂದರು ಡಾಕ್ಟರಮ್ಮ. ಮಾಸ್ಕಿನೊಳಗೇ ಚೀಟಿಯಕ್ಕ ನಕ್ಕಳು.

ಪರೀಕ್ಷೆಯಲ್ಲಿ ಡಾಕ್ಟರಮ್ಮನ ಮಾತೇ ನಿಜವಾಯಿತು. ಅವಳು ಅಂದೇ ತಮ್ಮನ ಮನೆಗೆ ಹೋಗಿ ಧೂಳಿನ ಮಾತು ವಾಪಸು ತೆಗೆದುಕೊಂಡಳು.

ತಿಂಗಳಾದ ಮೇಲೆ ಹೊಸ ಚೀಟಿಗಳ ಸುರುಳಿ ಬಂತು. ಅಲಂಕಾರದ ಬಂಗಾರದ ಬಳ್ಳಿ ಅಗಲವಾಗಿ ಹಬ್ಬಿ, ಸಲ್ಫೈಟಿನ ಸಾಲು ಅಂಚಿಗೆ ಸರಿದು ಇರುವೆಯಷ್ಟಾಗಿತ್ತು. ಇಪ್ಪತ್ತೆರಡು ವರ್ಷದಲ್ಲಿ ಮೊದಲ ಸಲ ಅವಳು ತಾನಾಗಿ ಯಂತ್ರ ನಿಲ್ಲಿಸಿ, ಸುರುಳಿ ಹಿಡಿದು ಯಜಮಾನರ ಕೋಣೆಗೆ ಹೋದಳು.

"ಇದೆಯಲ್ಲಮ್ಮ, ಅಲ್ಲೇ ಕೆಳಗೆ" ಎಂದರು ಯಜಮಾನರು.

"ಓದಿ ನೋಡಿ."

ಅವರು ಚೀಟಿಯನ್ನು ದೂರ ಹಿಡಿದರು, ಹತ್ತಿರ ಹಿಡಿದರು, ಕಿಟಕಿಯ ಬಳಿಗೂ ಒಯ್ದರು. ಕೊನೆಗೆ ಫೋನೆತ್ತಿ ಸುರುಳಿ ವಾಪಸು ಕಳಿಸಲು ಹೇಳಿದರು. ಮತ್ತೆ ಬಂದ ಚೀಟಿಯಲ್ಲಿ ಅಕ್ಷರಗಳು ಕಪ್ಪಗೆ, ಎರಡರಷ್ಟು ದಪ್ಪಗಿದ್ದವು.

ಆ ಸಂಜೆ ವ್ಯಾನಿನಲ್ಲಿ ಗಂಡ, "ನೀನೇ ಗೆದ್ದೆ ಬಿಡು" ಎಂದ.

"ನನ್ನದೇನಿದೆ? ಮೇಸ್ತ್ರಿ ತನ್ನ ಹೆಸರು ಕೆಡುತ್ತೆ ಅಂತ ಬಾಟಲಿ ಮುಚ್ಚಿಟ್ಟು ಖಾಲಿ ಕೈಯಲ್ಲಿ ಬಂದಿದ್ರೆ? ನಾನು ಇನ್ನೂ ಧೂಳನ್ನೇ ಬೈಕೊಂಡು ಇರ್ತಿದ್ದೆ" ಎಂದಳು ಚೀಟಿಯಕ್ಕ. "ಗಾಡಿ ತಿರುಗಿಸಿ. ಅವರಿಗಿನ್ನೂ ಥ್ಯಾಂಕ್ಸ್ ಹೇಳಿಲ್ಲ."

ಗಂಡ ತಕರಾರೆತ್ತದೆ ವ್ಯಾನ್ ತಿರುಗಿಸಿದ.