ಮೊಮ್ಮಗಳ ಡಬ್ಬಿ
ಆ ಎರಡು ವಾರ ನಮ್ಮ ಬೀದಿಯ ಔಷಧಿ ಅಂಗಡಿಗೆ ತಲೆನೋವಿನ ಮಾತ್ರೆಗೆಂದು ಹೋದವರು ಯಾರೂ ಹೃದಯದ ಪಾಠ ಕೇಳದೆ ಬಂದದ್ದಿಲ್ಲ. ಅಂಗಡಿಯ ಅಜ್ಜ ಮಾತ್ರೆಯ ಕವರಿನ ಮೇಲೆ ಪುಟ್ಟ ಹೃದಯ ಬರೆದು, "ಈಗಷ್ಟೇ ಹುಟ್ಟಿದ ನಮ್ಮ ಮೊಮ್ಮಗಳು ಕಣ್ರೀ. ಹೊರದೇಶಕ್ಕೆ ಕರ್ಕೊಂಡು ಹೋಗಿ ಬೇಗ ಹೃದಯದ ಆಪರೇಷನ್ ಮಾಡಿಸ್ಬೇಕು" ಎನ್ನುತ್ತ, ನಮ್ಮ ಚಿಲ್ಲರೆಯನ್ನು ನಮ್ಮನ್ನು ಕೇಳದೆಯೇ ಡಬ್ಬಿಗೆ ಹಾಕಿಬಿಡುತ್ತಿದ್ದರು. ಗೊಣಗಿದವರಿಗೆ, "ನಿಮ್ಮ ಹೃದಯಕ್ಕೂ ಒಳ್ಳೇದು ಬಿಡಿ" ಎನ್ನುತ್ತಿದ್ದರು. ಕೆಮ್ಮಿಲ್ಲದವರೂ ಕೆಮ್ಮಿನ ಔಷಧಿ ಕೊಂಡರು. ತುಂಬಿದ ಡಬ್ಬಿಗಳನ್ನು ಅಜ್ಜ ತಾವೇ ಮಗುವಿದ್ದ ಆಸ್ಪತ್ರೆಗೆ ಮುಟ್ಟಿಸಿದರು; ಹತ್ತಾರು ಕಡೆಯ ಹಣ ಸೇರಿ ಹೊರದೇಶದಲ್ಲಿ ಆಪರೇಷನ್ ಆಯಿತು, ಮಗು ಉಳಿಯಿತು. ಮೂರು ತಿಂಗಳ ನಂತರ ಗುಂಡುಗುಂಡಾದ ಕೂಸನ್ನು ಎತ್ತಿಕೊಂಡು ತಾಯಿ ಅಂಗಡಿಗೆ ಬಂದಾಗ ಬೀದಿಗೆ ಬೀದಿಯೇ ನೆರೆಯಿತು. ಅಜ್ಜ ಕನ್ನಡಕ ಒರೆಸಿಕೊಂಡು ಆಕೆಯನ್ನು ಕೇಳಿದರು: "ಅವತ್ತು ಔಷಧಿ ಚೀಟಿ ಹಿಡ್ಕೊಂಡು ಅಳ್ತಾ ಬಂದಿದ್ದೆ, ಕೇಳೋಕೇ ಆಗ್ಲಿಲ್ಲ. ನಿನ್ನ ಹೆಸರೇನಮ್ಮ?"